ಚೀಲ ಬೆಳ್ಳಗೇ ಉಳಿದರೆ: ಟ್ರೈಕೋಡರ್ಮಾ ಹಸಿರಾಗದ ದೋಷ ಹುಡುಕುವ ಬಗೆ

ಟ್ರೈಕೋಡರ್ಮಾ ಅಂದರೆ ಬೆಳೆಯ ಬೇರಿಗೆ ಬರುವ ಶಿಲೀಂಧ್ರ ರೋಗಗಳನ್ನು ತಡೆಯಲು ಬೀಜಕ್ಕೆ, ಗೊಬ್ಬರಕ್ಕೆ ಬೆರೆಸುವ ಒಳ್ಳೆಯ ಶಿಲೀಂಧ್ರ. ಬೇಯಿಸಿದ ಜೋಳದ ಚೀಲಕ್ಕೆ ಅದನ್ನು ಹಾಕಿ ಒಂದು ವಾರ ದಾಟಿದೆ. ಕಾಳಿನ ಮೇಲೆಲ್ಲ ಬಿಳಿ ಎಳೆ ಹಬ್ಬಿದೆ. ವಾಸನೆ ಕೆಟ್ಟಿಲ್ಲ. ಆದರೆ ಹಸಿರು ಬಂದಿಲ್ಲ. ಹಿಂಗಾರಿ ಕಡಲೆ ಬಿತ್ತನೆ ಹತ್ತಿರ ಬಂದಾಗ ಧಾರವಾಡ, ಗದಗ, ಹಾವೇರಿ ಕಡೆ ಅದನ್ನು ಬೆಳೆಸಿ ಮಾರುವ ಸಣ್ಣ ಘಟಕಗಳಿಂದ ನನಗೆ ಬರುವ ಫೋನುಗಳಲ್ಲಿ ಈ ದೂರೇ ಜಾಸ್ತಿ. "ಎಂಟು ದಿನ ಆತ್ರೀ, ಇನ್ನೂ ಬೆಳ್ಳಗ ಐತಿ. ಬೀಜಾನ ಕೆಟ್ಟಿತ್ತೇನ್ರೀ?"

ಬೀಜ ಅಂದರೆ ಅವರು ಹೇಳುವುದು ತಾಯಿ ಕಲ್ಚರ್, ಅಂದರೆ ಚೀಲಗಳಿಗೆ ಹಾಕಲು ಬೆಳೆಸಿ ಇಟ್ಟುಕೊಂಡ ಮೂಲ ಶಿಲೀಂಧ್ರ. ಎಲ್ಲರ ಕೈ ಮೊದಲು ಅದರ ಕಡೆಗೇ ಹೋಗುತ್ತದೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಕಾಳಿನ ಮೇಲೆ ಬಿಳಿ ಎಳೆ ಚೆನ್ನಾಗಿ ಹಬ್ಬಿದೆ ಅಂದಮೇಲೆ ಕಲ್ಚರ್‌ಗೆ ಜೀವ ಇದೆ. ಕೊರತೆ ಸಾಮಾನ್ಯವಾಗಿ ಕೋಣೆಯಲ್ಲಿ ಅಥವಾ ಚೀಲದಲ್ಲಿ ಇರುತ್ತದೆ.

ಬೆಳ್ಳಗೆ ಕಾಣುವುದು ಶಿಲೀಂಧ್ರದ ಎಳೆ, ಹಸಿರು ಕಾಣುವುದು ಅದರ ಬೀಜಾಣು. ಇವು ಕೂಡಿಕೆಯಿಲ್ಲದೆ ಹುಟ್ಟುವ ಬೀಜಾಣುಗಳು, ಕೊನಿಡಿಯಾ ಅಂತಾರೆ. ಮೇಲಕ್ಕೆ ಎದ್ದ ಎಳೆ ಕವಲೊಡೆದು, ಕವಲಿನ ತುದಿಯಲ್ಲಿ ಸೀಸೆಯಾಕಾರದ ಕೋಶ ಮೂಡಿ, ಅದರ ಬಾಯಿಂದ ಒಂದರ ಹಿಂದೆ ಒಂದು ಹೊರಬೀಳುತ್ತವೆ. ಎಳೆ ಅಂದರೆ ಶಿಲೀಂಧ್ರ ಕೂತು ಉಣ್ಣುತ್ತಿದೆ. ಬೀಜಾಣು ಅಂದರೆ ಗಂಟುಮೂಟೆ ಕಟ್ಟಿ ಊರು ಬಿಡುವ ತಯಾರಿ. ಉಣ್ಣಲು ಬೇಕಾದಷ್ಟಿದೆ, ಬೆಚ್ಚಗಿದೆ, ಕತ್ತಲಿದೆ ಅಂದರೆ ಅದು ಯಾಕೆ ಎದ್ದು ಹೋಗಬೇಕು? ಹೊರಗಿನಿಂದ ಏನಾದರೂ ಸೂಚನೆ ಸಿಗಬೇಕು. ಯಾವ ಸೂಚನೆ ಅದಕ್ಕೆ ಮುಟ್ಟಿಲ್ಲ ಅನ್ನುವುದನ್ನು ಹುಡುಕುವುದೇ ಇಲ್ಲಿನ ಕೆಲಸ.

ಬಿಳಿ ಎಳೆಯನ್ನೇ ಒಣಗಿಸಿ ಟಾಲ್ಕ್ ಪುಡಿಗೆ ಬೆರೆಸಿದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಆಗಲ್ಲ. ಎಳೆ ತೆಳು, ಒಣಗಿಸುವಾಗಲೇ ಹೆಚ್ಚಿನದು ಸಾಯುತ್ತದೆ. ಬೀಜಾಣು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ಮಾರಾಟದ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 20 ಲಕ್ಷ ಬೆಳೆಯಬಲ್ಲ ಜೀವಂತ ಕಣ ಇರಬೇಕು ಅನ್ನುವುದು ನಮ್ಮ ದೇಶದ ಮಾನದಂಡ. ಹಸಿರು ಬರದೆ ಆ ಲೆಕ್ಕ ಮುಟ್ಟುವುದಿಲ್ಲ.

ಚೀಲ ಬಿಚ್ಚುವ ಮುನ್ನ ನೋಡಿ

ಮೊದಲು ಚೀಲವನ್ನು ಕಿಟಕಿ ಬೆಳಕಿಗೆ ಹಿಡಿದು ಹೊರಗಿನಿಂದಲೇ ನೋಡಿ. ಬಿಚ್ಚಬೇಡಿ.

ಎಳೆಯೇ ಹಬ್ಬಿಲ್ಲ, ಕಾಳು ಹಾಗೇ ಇದೆ ಅಂದರೆ ಅದು ಬೇರೆ ದೋಷ. ಆಗ ಕೇಳಬೇಕಾದ ಮೊದಲ ಪ್ರಶ್ನೆ: ಜೋಳ ಎಲ್ಲಿಂದ ತಂದಿರಿ? ಬಿತ್ತನೆಗೆ ಇಟ್ಟಿದ್ದ ಗುಲಾಬಿ ಬಣ್ಣದ ಬೀಜ ಉಳಿದಿತ್ತು, ಅದನ್ನೇ ಕುದಿಸಿದೆವು ಅಂದರೆ ಮಾತು ಅಲ್ಲಿಗೇ ಮುಗಿಯಿತು. ಆ ಬಣ್ಣದ ಜೊತೆ ಶಿಲೀಂಧ್ರನಾಶಕ ಇರುತ್ತದೆ. ನಾವು ಬೆಳೆಸಲು ಹೊರಟಿರುವುದೂ ಶಿಲೀಂಧ್ರವೇ ತಾನೆ. ತಿನ್ನಲು ಮಾರುವ ಬಿಳಿ ಜೋಳವೇ ಬೇಕು. ಅದರಲ್ಲೂ ತೆನೆಯಲ್ಲಿದ್ದಾಗ ಮಳೆಗೆ ಸಿಕ್ಕು ಕಪ್ಪಾದ ಜೋಳ ಬೇಡ. ಅಗ್ಗಕ್ಕೆ ಸಿಗುತ್ತದೆ, ಆದರೆ ಒಳಗೆ ಈಗಾಗಲೇ ಬೇರೆ ಬೂಷ್ಟು ಮನೆ ಮಾಡಿರುತ್ತದೆ.

ಕಾಳು ಲೋಳೆಯಾಗಿ, ಹುಳಿ ವಾಸನೆ ಬರುತ್ತಿದ್ದರೆ ಬ್ಯಾಕ್ಟೀರಿಯಾ. ಬ್ಯಾಸಿಲಸ್ ಜಾತಿಯವು ಶಾಖ ತಡೆಯುವ ಗಟ್ಟಿ ಕಣ ಮಾಡಿಕೊಂಡು ಅರೆಬರೆ ಉಗಿಯನ್ನು ದಾಟಿಬಿಡುತ್ತವೆ. ಆಟೋಕ್ಲೇವ್‌ನಲ್ಲಿ (ಒತ್ತಡದ ಉಗಿಯಿಂದ ಕ್ರಿಮಿ ಕೊಲ್ಲುವ ಪಾತ್ರೆ) 121 ಡಿಗ್ರಿ, 15 ಪೌಂಡ್ ಒತ್ತಡ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ 15–20 ನಿಮಿಷ ಸಾಕಾಗುವುದು ಸಣ್ಣ ಸೀಸೆಯ ದ್ರವಕ್ಕೆ. ಕಾಳು ತುಂಬಿದ ಚೀಲದ ನಡುವಿಗೆ ಶಾಖ ಹೋಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಕಿತ್ತಳೆ ಬಣ್ಣದ ಪುಡಿ ಕಂಡರೆ ಆ ಚೀಲವನ್ನು ಅಲುಗಾಡಿಸಲೂ ಬೇಡಿ. ಅದು ನ್ಯೂರೋಸ್ಪೋರಾ. ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದ ಸಮೇತ ಮತ್ತೆ ಆಟೋಕ್ಲೇವ್‌ಗೆ ಹಾಕಿ. ಒಂದು ಚೀಲ ಒಡೆದರೆ ಇಡೀ ಕೋಣೆ ಹೋಯಿತು ಅಂತಲೇ ತಿಳಿಯಿರಿ. ಬೀಡಲ್ ಮತ್ತು ಟೇಟಮ್ ಅನ್ನುವ ವಿಜ್ಞಾನಿಗಳಿಗೆ 1958ರ ನೊಬೆಲ್ ತಂದುಕೊಟ್ಟ ಶಿಲೀಂಧ್ರ ಇದೇ. ಪ್ರಯೋಗಾಲಯಕ್ಕೆ ದೊಡ್ಡ ನೆಂಟ, ನಮ್ಮ ಘಟಕಕ್ಕೆ ದೊಡ್ಡ ಪೀಡೆ. ಆದರೆ ಅದು ಒಂದು ಪಾಠವನ್ನೂ ಹೇಳುತ್ತದೆ. ಕಿತ್ತಳೆ ಪುಡಿ ಜಾಸ್ತಿ ಕಾಣುವುದು ಚೀಲದ ತಳದಲ್ಲಲ್ಲ, ಹತ್ತಿ ಬಿರಡೆಯ ಹತ್ತಿರ. ಯಾಕೆ ಅಂತ ಮುಂದೆ ಗಾಳಿಯ ಮಾತಿನಲ್ಲಿ ಬರುತ್ತದೆ.

ಇನ್ನು ಹಸಿರೇ ಬಂದಿದೆ ಅಂತ ಖುಷಿ ಪಡುವವರಿಗೂ ಒಂದು ಎಚ್ಚರಿಕೆ. ಹಸಿರೆಲ್ಲ ಟ್ರೈಕೋಡರ್ಮಾ ಅಲ್ಲ. ಹಳದಿ ಕಡೆಗೆ ವಾಲಿದ, ಒರಟಾಗಿ ಕಾಣುವ ಹಸಿರು ಆಸ್ಪರ್‌ಜಿಲಸ್ ಫ್ಲೇವಸ್ ಇರಬಹುದು. ಕಾಳಿನಲ್ಲಿ ಅಫ್ಲಟಾಕ್ಸಿನ್ ವಿಷ ತುಂಬುವುದು ಅದೇ. ನೀಲಿ ಕಲೆತ ಹಸಿರು, ಮುಗ್ಗಲು ವಾಸನೆ ಅಂದರೆ ಪೆನಿಸಿಲಿಯಮ್ ಅಂತ ಅನುಮಾನಪಡಿ. ಟ್ರೈಕೋಡರ್ಮಾದ ಹಸಿರು ಮೊದಲು ಅಲ್ಲಲ್ಲಿ ಸಣ್ಣ ಗುಂಪಾಗಿ ಮೂಡಿ, ಆಮೇಲೆ ಒಂದಕ್ಕೊಂದು ಸೇರಿ ಗಾಢವಾಗುತ್ತದೆ. ಕೆಲವು ತಳಿಗಳಿಗೆ ಹಸಿ ಕೊಬ್ಬರಿಯ ವಾಸನೆಯೂ ಇರುತ್ತದೆ. 6-ಪೆಂಟೈಲ್ ಪೈರೋನ್ ಅನ್ನುವ ವಸ್ತುವಿನದು ಅದು. ಹಾಗಂತ ಚೀಲ ಬಿಚ್ಚಿ ಮೂಗಿಟ್ಟು ನೋಡಬೇಡಿ. ಬೀಜಾಣು ಶ್ವಾಸಕ್ಕೆ ಹೋದರೆ ಅಲರ್ಜಿ ಆಗುತ್ತದೆ. ಬಿರಡೆಯ ಹೊರಗೆ ತೇಲಿ ಬರುವಷ್ಟು ವಾಸನೆ ಸಾಕು. ಅನುಮಾನ ಇದ್ದರೆ ಸೂಕ್ಷ್ಮದರ್ಶಕದ ಕೆಳಗೆ ಒಂದು ಚೂರು ಇಟ್ಟು ನೋಡುವುದೇ ಸರಿ.

ಇದೆಲ್ಲ ದಾಟಿ, ಎಳೆ ಚೆನ್ನಾಗಿದೆ, ಶುದ್ಧವಾಗಿದೆ, ಆದರೂ ಬೆಳ್ಳಗಿದೆ ಅನ್ನುವವರು ಮುಂದೆ ಓದಿ.

ಗಾಳಿ ಇದೆಯಾ?

ಬೀಜಾಣು ಹುಟ್ಟುವುದು ಗಾಳಿಗೆ ಎದ್ದ ಎಳೆಯ ಮೇಲೆ. ನೀರಿನಲ್ಲಿ ಮುಳುಗಿದ ಎಳೆ ಬೆಳೆಯುತ್ತದೆ, ಸಾಮಾನ್ಯವಾಗಿ ಬೀಜಾಣು ಕಟ್ಟುವುದಿಲ್ಲ. ಇದನ್ನು ಅತಿ ಸ್ಪಷ್ಟವಾಗಿ ತೋರಿಸಿಕೊಟ್ಟಿದ್ದು ಆಸ್ಪರ್‌ಜಿಲಸ್ ನಿಡ್ಯುಲನ್ಸ್ ಅನ್ನುವ ಇನ್ನೊಂದು ಬೂಷ್ಟು. ಅದನ್ನು ದ್ರವದಲ್ಲಿ ಅಲುಗಾಡಿಸುತ್ತ ಬೆಳೆಸಿದರೆ ಬರೀ ಎಳೆ. ಅದೇ ಎಳೆಯನ್ನು ಸೋಸಿ ತಟ್ಟೆಯ ಮೇಲೆ ಗಾಳಿಗೆ ಹರವಿದರೆ ಎಲ್ಲಾ ಕಡೆ ಒಟ್ಟಿಗೇ ಬೀಜಾಣು ಕಟ್ಟಲು ಶುರು. ಆದರೆ ತೀರ ಎಳಸಾಗಿದ್ದರೆ ಗಾಳಿಗೆ ಬಂದರೂ ಕೆಲಸ ಮಾಡದು. ಮೊಳೆತು ಸುಮಾರು 18–20 ಗಂಟೆ ಬೆಳೆದ ಮೇಲಷ್ಟೇ ಸೂಚನೆಗೆ ಓಗೊಡುವ ಶಕ್ತಿ ಬರುತ್ತದೆ. ಆ ಶಿಲೀಂಧ್ರದಲ್ಲಿ ಬಿಆರ್‌ಎಲ್-ಎ ಅನ್ನುವ ಒಂದು ಜೀನ್ ಈ ಕೆಲಸದ ಮುಖ್ಯ ಸ್ವಿಚ್. 1988ರಲ್ಲಿ ಅದನ್ನು ಬಲವಂತವಾಗಿ ಚಾಲೂ ಮಾಡಿದಾಗ ದ್ರವದಲ್ಲಿ ಮುಳುಗಿದ್ದ ಎಳೆಯೂ ಬೀಜಾಣು ಮಾಡಿತು. ಟ್ರೈಕೋಡರ್ಮಾದಲ್ಲಿ ಆ ಜೀನ್ ಇಲ್ಲ, ಅದರ ಒಳದಾರಿ ಬೇರೆ. ಗಾಳಿ ಬೇಕು ಅನ್ನುವುದು ಮಾತ್ರ ಎರಡಕ್ಕೂ ಒಂದೇ.

ನಮ್ಮ ಚೀಲಕ್ಕೆ ಬರೋಣ. ಗಾಳಿಯ ದೋಷ ಹೀಗೆ ಕಾಣುತ್ತದೆ: ಬಿರಡೆಯ ಹತ್ತಿರದ ಎರಡು ಬೆರಳಷ್ಟು ಜಾಗ ಹಸಿರು, ಕೆಳಗೆಲ್ಲ ಬಿಳಿ. ಇಷ್ಟು ಕಂಡರೆ ಬೇರೆ ಪರೀಕ್ಷೆ ಬೇಡ. ಚೀಲವನ್ನು ಬಾಯಿ ತನಕ ತುಂಬಿದ್ದೀರಿ, ಇಲ್ಲವೇ ಹತ್ತಿಯನ್ನು ಗಟ್ಟಿಯಾಗಿ ತುರುಕಿದ್ದೀರಿ, ಇಲ್ಲವೇ ಹತ್ತಿ ಒದ್ದೆಯಾಗಿದೆ. ಹತ್ತಿ ಒದ್ದೆಯಾದರೆ ಗಾಳಿ ಆಡುವುದಿಲ್ಲ, ಮೇಲಿಂದ ಹೊರಗಿನ ಬೂಷ್ಟು ಅದರ ಮೂಲಕ ಇಳಿದು ಬರುತ್ತದೆ. ಎಳೆ ಉಸಿರಾಡಿ ಬಿಟ್ಟ ಇಂಗಾಲದ ಡೈ ಆಕ್ಸೈಡ್ ಒಳಗೇ ಉಳಿದರೆ ಬೀಜಾಣು ಕಟ್ಟುವುದು ತಡವಾಗುತ್ತದೆ. ನ್ಯೂರೋಸ್ಪೋರಾ ಬಿರಡೆಯ ಹತ್ತಿರವೇ ಕಿತ್ತಳೆಯಾಗುವುದೂ ಇದೇ ಕಾರಣಕ್ಕೆ.

ಪರಿಹಾರ ಸುಲಭ. ಚೀಲದ ಅರ್ಧಕ್ಕಿಂತ ಕಡಿಮೆ ಕಾಳು ಹಾಕಿ. ಬಾಯಿಗೆ ಪಿವಿಸಿ ಪೈಪಿನ ಉಂಗುರ ಹಾಕಿ, ಅದರಲ್ಲಿ ಹತ್ತಿ ಸಡಿಲವಾಗಿರಲಿ. ಎಳೆ ಹಬ್ಬಿದ ಮೇಲೆ ಚೀಲವನ್ನು ನಿಲ್ಲಿಸಬೇಡಿ, ಮಲಗಿಸಿ. ಕಾಳು ಎರಡು ಬೆರಳು ದಪ್ಪಕ್ಕೆ ಹರಡಿಕೊಳ್ಳಲಿ. ಹಲಗೆ ಜಾಗ ಜಾಸ್ತಿ ಬೇಕಾಗುತ್ತದೆ ಅಂತ ಗೊಣಗುತ್ತಾರೆ. ನಿಜ, ಬೇಕಾಗುತ್ತದೆ.

ಬೆಳಕು: ಎಲ್ಲರೂ ಮರೆಯುವುದು

"ಬೂಷ್ಟು ಕತ್ತಲಲ್ಲಿ ಬೆಳೆಯುತ್ತದೆ" ಅನ್ನುವ ನಂಬಿಕೆ ಎಷ್ಟು ಗಟ್ಟಿ ಅಂದರೆ, ಹಲವು ಘಟಕಗಳಲ್ಲಿ ಕೋಣೆಯ ಕಿಟಕಿಗೆ ಕರಿ ಬಟ್ಟೆ ಕಟ್ಟಿರುತ್ತಾರೆ. ಬೆಳೆಯಲು ಕತ್ತಲು ಸಾಕು. ಹಸಿರಾಗಲು ಟ್ರೈಕೋಡರ್ಮಾಗೆ ಬೆಳಕು ದೊಡ್ಡ ಸೂಚನೆ. ಅದರಲ್ಲೂ ನೀಲಿ ಬೆಳಕು ಮತ್ತು ಅದಕ್ಕೆ ಹತ್ತಿರದ ನೇರಳಾತೀತ. ಕೆಂಪು ಬೆಳಕನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ಟ್ರೈಕೋಡರ್ಮಾ ಆಟ್ರೋವಿರಿಡೆ ಅನ್ನುವ ಜಾತಿಯಲ್ಲಿ ನೀಲಿ ಬೆಳಕನ್ನು ಹಿಡಿಯಲು ಬೇಕಾದ ಎರಡು ಪ್ರೋಟೀನ್‌ಗಳಿಗೆ ಬಿಎಲ್‌ಆರ್-1, ಬಿಎಲ್‌ಆರ್-2 ಅಂತ ಹೆಸರು. ಅವಿಲ್ಲದ ತಳಿಗಳು ಬೆಳಕು ಕೊಟ್ಟರೂ ಹಸಿರಾಗುವುದಿಲ್ಲ ಅಂತ 2004ರಲ್ಲಿ ತೋರಿಸಿದ್ದಾರೆ. ನ್ಯೂರೋಸ್ಪೋರಾದಲ್ಲೂ ಇವಕ್ಕೆ ಸಂಬಂಧಿಕರಿವೆ.

ಒಂದು ಸೊಗಸಾದ ವಿಷಯ ಇದೆ. ಪ್ರಯೋಗಾಲಯದ ಪೆಟ್ರಿ ತಟ್ಟೆಯಲ್ಲಿ ಕತ್ತಲಲ್ಲಿ ಬೆಳೆಯುತ್ತಿರುವ ಟ್ರೈಕೋಡರ್ಮಾಗೆ ಕೆಲವೇ ನಿಮಿಷ ಬೆಳಕು ತೋರಿಸಿ ಮತ್ತೆ ಕತ್ತಲಿಗೆ ಇಟ್ಟುಬಿಡಿ. ಒಂದೆರಡು ದಿನ ಬಿಟ್ಟು ನೋಡಿದರೆ ಹಸಿರು ಉಂಗುರ. ಎಲ್ಲಿ ಗೊತ್ತಾ? ಬೆಳಕು ಬಿದ್ದ ಗಳಿಗೆಯಲ್ಲಿ ಬೆಳವಣಿಗೆಯ ಅಂಚು ಎಲ್ಲಿತ್ತೋ ಸರಿಯಾಗಿ ಅಲ್ಲಿ. ಒಳಗಿನ ಹಳೆಯ ಎಳೆ ಬೆಳ್ಳಗೆ, ಆಮೇಲೆ ಕತ್ತಲಲ್ಲಿ ಬೆಳೆದ ಹೊರಗಿನದೂ ಬೆಳ್ಳಗೆ, ನಡುವೆ ಒಂದು ಗೆರೆ. ಅಂದರೆ ಸೂಚನೆ ಹಿಡಿದಿದ್ದು ಆಗಷ್ಟೇ ಬೆಳೆಯುತ್ತಿದ್ದ ಎಳೆ ಮಾತ್ರ. ದಿನಾ ಹಗಲು-ರಾತ್ರಿ ಸಿಗುವ ತಟ್ಟೆಯಲ್ಲಿ ದಿನಕ್ಕೊಂದು ಉಂಗುರ ಮೂಡುವುದೂ ಇದರಿಂದಲೇ. ಈ ಉಂಗುರವೇ ಮುಂದೆ ನಮಗೆ ಕಲ್ಚರ್ ಪರೀಕ್ಷೆಗೆ ಸಾಧನ.

ಇದರಿಂದ ಘಟಕಕ್ಕೆ ಸಿಗುವ ಪಾಠ ಎರಡು. ಒಂದು, ಬೆಳಕು ಭಾರಿ ಬೇಕಾಗಿಲ್ಲ. ಸಾದಾ ಟ್ಯೂಬ್‌ಲೈಟ್ ಅಥವಾ ಬಿಳಿ ಎಲ್‌ಇಡಿ ದಿನಕ್ಕೆ ಕೆಲವು ಗಂಟೆ ಉರಿದರೆ ಸಾಕು. ಬಿಳಿ ಎಲ್‌ಇಡಿಯಲ್ಲಿ ನೀಲಿ ಅಂಶ ಚೆನ್ನಾಗಿಯೇ ಇರುತ್ತದೆ. ಹಳೇ ಕಾಲದ ಹಳದಿ ಬಲ್ಬಿನಲ್ಲಿ ಅದು ಕಡಿಮೆ. ಎರಡು, ಬೆಳಕು ಕಾಳಿನ ಗುಡ್ಡೆಯ ಒಳಗೆ ಹೋಗುವುದಿಲ್ಲ. ಹೊರಗಿನ ಕಾಳು ಹಸಿರು, ಒಡೆದು ನೋಡಿದರೆ ಒಳಗೆ ಬಿಳಿ ಅಂದರೆ ಬೆಳಕು ಮುಟ್ಟಿಲ್ಲ, ಗಾಳಿಯೂ ಸರಿಯಾಗಿ ಮುಟ್ಟಿಲ್ಲ.

ಪರೀಕ್ಷೆ ಮಾಡುವುದು ಹೀಗೆ. ಬೆಳ್ಳಗಿರುವ ಎರಡು ಚೀಲ ಆರಿಸಿ. ಎರಡನ್ನೂ ಒಂದೇ ಥರ ಮಲಗಿಸಿ, ಒಂದಕ್ಕೆ ಕರಿ ಹಾಳೆ ಸುತ್ತಿ. ಎರಡೂ ಒಂದೇ ಹಲಗೆಯ ಮೇಲೆ, ಟ್ಯೂಬ್‌ಲೈಟ್ ಕೆಳಗೆ ಇರಲಿ. ಎರಡು ಮೂರು ದಿನದಲ್ಲಿ ಬೆಳಕಿನದು ಮಾತ್ರ ಹಸಿರಾದರೆ ಉತ್ತರ ಸಿಕ್ಕಿತು. ಎರಡೂ ಹಸಿರಾದರೆ ಬೆಳಕಿನ ಕೊರತೆ ಇರಲಿಲ್ಲ, ಮಲಗಿಸಿದ್ದರಿಂದ ಗಾಳಿ ಸಿಕ್ಕಿದ್ದೇ ಕೆಲಸ ಮಾಡಿದೆ. ಕೆಲವು ತಳಿಗಳು ಊಟ ಮುಗಿದಾಗ ಕತ್ತಲಲ್ಲೂ ಹಸಿರಾಗುತ್ತವೆ, ಅದೂ ನೆನಪಿರಲಿ. ಎರಡೂ ಬೆಳ್ಳಗೇ ಉಳಿದರೆ ಮುಂದಕ್ಕೆ ಹೋಗಿ.

ಬೆಳಕು ಬೇಕು ಅಂದಿದ್ದಕ್ಕೆ ಚೀಲವನ್ನು ಅಂಗಳದ ಬಿಸಿಲಿಗೆ ಇಡುವವರೂ ಇದ್ದಾರೆ. ದಯವಿಟ್ಟು ಬೇಡ. ಪ್ಲಾಸ್ಟಿಕ್ ಚೀಲದೊಳಗೆ ಶಾಖ ಏರಿ ಎಳೆ ಬೆಂದುಹೋಗುತ್ತದೆ.

ಇಲ್ಲಿ ಇನ್ನೊಂದು ಮಾತು. ಬೆಳಕಿನ ನಿಯಮ ಎಲ್ಲಾ ಬೂಷ್ಟಿಗೂ ಒಂದೇ ಅಲ್ಲ. ಆಸ್ಪರ್‌ಜಿಲಸ್ ನಿಡ್ಯುಲನ್ಸ್‌ಗೆ ಕೆಂಪು ಬೆಳಕೇ ಸೂಚನೆ ಅಂತ 1990ರಲ್ಲಿ ಗೊತ್ತಾಯಿತು. ಕತ್ತಲಾದರೆ ಅದು ಕೂಡಿಕೆಯ ದಾರಿಗೆ ವಾಲುತ್ತದೆ. ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಒದ್ದೆ ಬ್ಲಾಟರ್ (ಹೀರುಕಾಗದ) ಮೇಲೆ ಬೀಜ ಇಟ್ಟು ರೋಗ ಗುರುತಿಸುವಾಗ 12 ಗಂಟೆ ನೇರಳಾತೀತಕ್ಕೆ ಹತ್ತಿರದ ಬೆಳಕು, 12 ಗಂಟೆ ಕತ್ತಲು ಕೊಡುತ್ತಾರೆ. ಆಲ್ಟರ್ನೇರಿಯಾದಂಥ ರೋಗದ ಶಿಲೀಂಧ್ರಗಳು ಬೀಜಾಣು ತೋರಿಸಿ ಸಿಕ್ಕಿಬೀಳುವುದು ಹಾಗೆ. ಒಂದು ಶಿಲೀಂಧ್ರದ ಪದ್ಧತಿಯನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ಹಚ್ಚಬಾರದು ಅಂತ ಇದನ್ನು ಹೇಳಿದೆ.

ಚೀಲ ಅಲುಗಾಡಿಸಿದಿರಾ?

ಹಳಬರು "ನಾಲ್ಕನೇ ದಿನ ಚೀಲ ಹಿಸುಕಿ ಜಾಡಿಸ್ರಿ" ಅಂತಾರೆ. ಯಾಕೆ ಅಂತ ಕೇಳಿದರೆ "ಕಾಳು ಅಂಟಬಾರದು ಅಂತ" ಅನ್ನುವ ಉತ್ತರ. ಅದು ಅರ್ಧ ಮಾತ್ರ ನಿಜ. ಜಾಡಿಸಿದಾಗ ಒಳಗಿನ ಕಾಳು ಹೊರಗೆ ಬರುತ್ತದೆ, ಗಾಳಿ ಬೆಳಕು ಸಿಗುತ್ತದೆ. ಅದಕ್ಕಿಂತ ಮಜಾ ವಿಷಯ ಬೇರೆ ಇದೆ. ಹಿಸುಕಿದಾಗ ಎಳೆ ಹರಿಯುತ್ತದೆ. ಆ ಗಾಯವೇ ಒಂದು ಸೂಚನೆ.

ಟ್ರೈಕೋಡರ್ಮಾ ಆಟ್ರೋವಿರಿಡೆಯ ತಟ್ಟೆಯ ಮೇಲೆ ಬ್ಲೇಡಿನಿಂದ ಒಂದು ಗೀರು ಎಳೆದು, ಪೂರ್ತಿ ಕತ್ತಲಲ್ಲಿ ಇಟ್ಟರೂ, ಗೀರಿನ ಉದ್ದಕ್ಕೂ ಹಸಿರು ಮೂಡುತ್ತದೆ. ಮೆಕ್ಸಿಕೋದ ಇರಾಪುವಾಟೊದಲ್ಲಿ ಕೆಲಸ ಮಾಡುವ ತಂಡ 2012ರಲ್ಲಿ ಇದರ ಒಳಗುಟ್ಟನ್ನು ಬಿಡಿಸಿತು. ಗಾಯವಾದ ಕೂಡಲೇ ಎಳೆ ಆಮ್ಲಜನಕದ ತೀಕ್ಷ್ಣ ರೂಪಗಳನ್ನು ಹುಟ್ಟಿಸುತ್ತದೆ. ಅದನ್ನು ಮಾಡುವ ನಾಕ್ಸ್-1 ಕಿಣ್ವ ಇಲ್ಲದ ತಳಿಯಲ್ಲಿ ಗೀರಿದರೂ ಹಸಿರಿಲ್ಲ. ಗಿಡಕ್ಕೆ, ಪ್ರಾಣಿಗೆ ಗಾಯವಾದಾಗ ಬಳಕೆಯಾಗುವ ಸಂಕೇತಗಳನ್ನೇ ಶಿಲೀಂಧ್ರವೂ ಬಳಸುತ್ತದೆ ಅನ್ನುವುದು ಆ ಕೆಲಸದ ತಿರುಳು. ನೆಲದಲ್ಲಿ ಹುಳುವೊಂದು ಎಳೆ ಕಡಿದರೆ ಶಿಲೀಂಧ್ರ ಏನು ಮಾಡಬೇಕು? ಓಡಲಂತೂ ಆಗದು. ಬೀಜಾಣು ಮಾಡಿ ಉಳಿದುಕೊಳ್ಳುತ್ತದೆ.

ಹಾಗಾಗಿ ಜಾಡಿಸುವ ಹೊತ್ತು ಮುಖ್ಯ. ಎಳೆ ಪೂರ್ತಿ ಹಬ್ಬಿದ ಮೇಲೆ ಜಾಡಿಸಿ. ತೀರ ಬೇಗ, ಎರಡನೇ ದಿನವೇ ಹಿಸುಕಿದರೆ ಹಬ್ಬುವುದೇ ನಿಧಾನವಾಗುತ್ತದೆ. ಕಾಳುಕಾಳು ಬೇರೆಯಾಗುವಂತೆ ಹೊರಗಿನಿಂದ ಬೆರಳಲ್ಲಿ ಒತ್ತಿ ಬಿಡಿಸಿ, ಮಲಗಿಸಿ, ಬೆಳಕಿಗಿಡಿ. ಗಾಯ, ಗಾಳಿ, ಬೆಳಕು ಮೂರೂ ಒಂದೇ ಏಟಿಗೆ ಸಿಗುತ್ತವೆ. ಬೆಳ್ಳಗೆ ಉಳಿದ ಚೀಲ ಹಿಡಿದು ಫೋನ್ ಮಾಡಿದವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಬೇರೆಲ್ಲ ಆಮೇಲೆ.

ಊಟ ಜಾಸ್ತಿಯಾಯಿತಾ, ಸುಣ್ಣ ಬಿತ್ತಾ?

ಬೆಲ್ಲ ಹಾಕಿದರೆ ಚೆನ್ನಾಗಿ ಬೆಳೆಯುತ್ತದೆ ಅಂತ ಕಾಳಿಗೆ ಬೆಲ್ಲದ ನೀರು ಸೇರಿಸುವ ರೂಢಿ ಇದೆ. ಬೆಳೆಯುವುದೇನೋ ನಿಜ. ಸಕ್ಕರೆ ಮುಗಿಯುವುದೂ ಬೀಜಾಣುವಿಗೆ ಒಂದು ಸೂಚನೆ. ಸಕ್ಕರೆ ತುಂಬಿಟ್ಟರೆ ಎಳೆ ದಪ್ಪಗೆ, ಬೆಳ್ಳಗೆ, ಖುಷಿಯಾಗಿ ಕೂತುಬಿಡುತ್ತದೆ. ಹಸಿರು ತಡವಾಗುತ್ತದೆ. ಬರೀ ಜೋಳ ಸಾಕು.

ಸುಣ್ಣದ ಕಥೆ ಬೇರೆ. ಅಣಬೆ ಬೀಜ ಮಾಡುತ್ತಿದ್ದವರು ಟ್ರೈಕೋಡರ್ಮಾಗೆ ಇಳಿದಾಗ ಇದು ಬರುತ್ತದೆ. ಅಣಬೆ ಬೀಜಕ್ಕೆ ಬೇಯಿಸಿದ ಕಾಳಿಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಜಿಪ್ಸಂ ಸೇರಿಸುತ್ತಾರೆ. ಕೈಗೆ ಅದೇ ಅಭ್ಯಾಸ. ಆದರೆ ಟ್ರೈಕೋಡರ್ಮಾಗೆ ಹುಳಿ ಕಡೆಯ ಪರಿಸರ ಇಷ್ಟ. ಬೀಜಾಣು ಕಟ್ಟುವುದಂತೂ ಪಿಎಚ್ (ಹುಳಿ-ಕ್ಷಾರದ ಅಳತೆ) ಕೆಳಗಿದ್ದಾಗಲೇ, ಅಂದರೆ ಹುಳಿ ಇದ್ದಾಗಲೇ ಚೆನ್ನ. ಅಣಬೆ ಬೆಳೆಗಾರರು ತಮ್ಮ ಹುಲ್ಲಿಗೆ ಸುಣ್ಣ ಹಾಕುವುದೇ ಟ್ರೈಕೋಡರ್ಮಾ ಬರಬಾರದು ಅಂತ! ಅವರಿಗೆ ಅದು ಹಸಿರು ಬೂಷ್ಟು ರೋಗ. ಆದ್ದರಿಂದ ಒಂದೇ ಸೂರಿನಡಿ ಎರಡೂ ಮಾಡುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ಇಲ್ಲಿ ಹಸಿರು ಚೆನ್ನಾಗಿ ಬಂದ ದಿನ ಅಲ್ಲಿ ಅಣಬೆ ಹೋಗುತ್ತದೆ.

ಪರೀಕ್ಷೆಗೆ ಪಿಎಚ್ ಪಟ್ಟಿ ಸಾಕು. ಒಂದು ಹಿಡಿ ಕಾಳನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಆ ನೀರಿಗೆ ಪಟ್ಟಿ ಹಿಡಿಯಿರಿ. 7ಕ್ಕಿಂತ ಮೇಲೆ ತೋರಿಸಿದರೆ ಸುಣ್ಣ ಎಲ್ಲಿಂದ ಬಂತು ಹುಡುಕಿ. ಗಡಸು ಕೊಳವೆಬಾವಿ ನೀರಲ್ಲಿ ಕಾಳು ಬೇಯಿಸಿದ್ದರೆ ಅದನ್ನೂ ಒಮ್ಮೆ ನೋಡಿ.

ನೀರು ಮತ್ತು ಸೆಕೆ

ಕಾಳು ಬೆಂದು ಒಡೆದು ಮುದ್ದೆಯಾದರೆ ನಡುವೆ ಗಾಳಿ ಇರುವುದಿಲ್ಲ. ಎಳೆಯ ಸುತ್ತ ನೀರಿನ ಪೊರೆ ಇದ್ದರೆ ಅದು ಮುಳುಗಿದಂತೆಯೇ. ಬೇಯಿಸಿ ಬಸಿದ ಕಾಳನ್ನು ಗೋಣಿತಟ್ಟಿನ ಮೇಲೆ ಹರವಿ, ಮೇಲಿನ ಪಸೆ ಆರಲು ಬಿಡಿ. ಆಮೇಲೆ ಮುಷ್ಟಿಯಲ್ಲಿ ಹಿಡಿದು ಹಿಸುಕಿ. ಅಂಗೈ ತೇವ ಆಗಬೇಕು, ಬೆರಳ ಸಂದಿಯಿಂದ ಹನಿ ಬೀಳಬಾರದು. ಕಾಳಿನ ಸಿಪ್ಪೆ ಒಡೆದಿರಬಾರದು, ಉಗುರಿಂದ ಒತ್ತಿದರೆ ಒಳಗೆ ಮೆತ್ತಗಿರಬೇಕು. ಚೀಲದ ತಳದಲ್ಲಿ ನೀರು ನಿಂತು, ಅಲ್ಲಿಯ ಕಾಳು ಮಾತ್ರ ಬೆಳ್ಳಗೋ ಕಂದಾಗಿಯೋ ಉಳಿದಿದ್ದರೆ ದೋಷ ಇದೇ.

ಒಣಗಿದರೂ ಕಷ್ಟ. ಮುಂಗಾರಿನಲ್ಲಿ ಸೋಯಾ ಹೊಲಕ್ಕೆ ಹೋದವರು ಎಲೆಯ ಮೇಲೆ ಸೆಟೆದು ಸತ್ತ ಕೀಡೆ ನೋಡಿರುತ್ತೀರಿ. ಮೊದಲು ಬೆಳ್ಳಗೆ, ಜಡಿಮಳೆ ಹಿಡಿದು ಗಾಳಿಯಲ್ಲಿ ತೇವ ಇದ್ದರೆ ಆಮೇಲೆ ತಿಳಿ ಹಸಿರು ಪುಡಿ. ಅದು ಮೆಟಾರೈಜಿಯಂ ರಿಲೇಯಿ ಅನ್ನುವ ಕೀಡೆ ಕೊಲ್ಲುವ ಶಿಲೀಂಧ್ರ, ಮೊದಲು ನೊಮೂರಿಯಾ ಅಂತ ಕರೆಯುತ್ತಿದ್ದರು. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಅದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಮಳೆ ಹೊರಪು ಕೊಟ್ಟು ಗಾಳಿ ಒಣಗಿದರೆ ಅದೇ ಕೀಡೆ ಹಸಿರಾಗದೆ ಉಳಿಯುತ್ತದೆ. ನಮ್ಮ ಚೀಲದಲ್ಲೂ ಅಷ್ಟೇ. ಗದಗದ ಕಡೆ ಬೇಸಿಗೆಯಲ್ಲಿ ಫ್ಯಾನ್ ಹಾಕಿಟ್ಟ ಕೋಣೆಯಲ್ಲಿ, ಬಿರಡೆ ತೀರ ಸಡಿಲ ಇದ್ದರೆ, ಮೇಲಿನ ಕಾಳು ಒಣಗಿ ಎಳೆ ಅಲ್ಲಿಗೇ ನಿಂತುಬಿಡುತ್ತದೆ.

ಸೆಕೆಯ ವಿಷಯಕ್ಕೆ ಬಂದರೆ 25ರಿಂದ 30 ಡಿಗ್ರಿ ಒಳ್ಳೆಯದು. 35 ದಾಟಿದರೆ ಹೆಚ್ಚಿನ ತಳಿಗಳು ಸೊರಗುತ್ತವೆ. ಏಪ್ರಿಲ್–ಮೇಯಲ್ಲಿ ಹುಬ್ಬಳ್ಳಿಯ ತಗಡಿನ ಶೆಡ್ಡಿನೊಳಗೆ ಅಷ್ಟು ಏರುವುದು ದೊಡ್ಡ ಮಾತಲ್ಲ. ಕೋಣೆಯ ಥರ್ಮಾಮೀಟರ್ ನಂಬಿ ಕೂರಬೇಡಿ. ಒಂದರ ಮೇಲೊಂದು ಪೇರಿಸಿದ ಚೀಲಗಳ ನಡುವೆ ಕೈ ತೂರಿಸಿ ನೋಡಿ. ಬೆಳೆಯುವ ಎಳೆ ತಾನೇ ಶಾಖ ಬಿಡುತ್ತದೆ, ನಡುವಿನ ಚೀಲ ಬಿಸಿಯಾಗಿರುತ್ತದೆ. ಅಂಚಿನ ಚೀಲ ಹಸಿರು, ನಡುವಿನವು ಬೆಳ್ಳಗೆ ಅಂದರೆ ಪೇರಿಸುವುದನ್ನು ನಿಲ್ಲಿಸಿ, ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ. ಚಳಿಗಾಲದಲ್ಲಿ ಇದರ ಉಲ್ಟಾ. ಡಿಸೆಂಬರ್ ರಾತ್ರಿಯ ಚಳಿಗೆ ಎಲ್ಲವೂ ನಿಧಾನ. ಅದು ದೋಷವಲ್ಲ, ಸುಮ್ನೆ ಕಾಯಿರಿ.

ಕೊನೆಗೆ ಕಲ್ಚರ್

ಇಷ್ಟೆಲ್ಲ ಸರಿ ಇದ್ದೂ ಬೆಳ್ಳಗಿದ್ದರೆ ಈಗ ತಾಯಿ ಕಲ್ಚರ್ ಮೇಲೆ ಅನುಮಾನ ಪಡಬಹುದು. ಒಂದೇ ಕಲ್ಚರನ್ನು ಪದೇಪದೇ ಹೊಸ ತಟ್ಟೆಗೆ ದಾಟಿಸುತ್ತ ಹೋದರೆ, ಅದರಲ್ಲೂ ಬೇಗ ಹಬ್ಬುವ ಬಿಳಿ ಅಂಚನ್ನೇ ಕತ್ತರಿಸಿ ದಾಟಿಸಿದರೆ, ಬೀಜಾಣು ಕಡಿಮೆ ಮಾಡುವ ಎಳೆಯನ್ನೇ ನಾವು ಆರಿಸಿದಂತಾಗುತ್ತದೆ. ತಟ್ಟೆಯಲ್ಲಿ ಹಸಿರಿನ ನಡುವೆ ಬೀಸಣಿಗೆಯಾಕಾರದ ಬಿಳಿ ಪಾಲು ಕಂಡರೆ ಅದು ಶುರುವಾಗಿದೆ ಅಂತ ಲೆಕ್ಕ.

ಪರೀಕ್ಷೆಗೆ ಬಟಾಟೆ ಮಾಧ್ಯಮದ ಮೂರು ತಟ್ಟೆ ಬೇಕು. ಲೀಟರಿಗೆ 200 ಗ್ರಾಂ ಬಟಾಟೆಯ ಬಸಿ, 20 ಗ್ರಾಂ ಡೆಕ್ಸ್‌ಟ್ರೋಸ್, 20 ಗ್ರಾಂ ಅಗರ್. ಮೂರಕ್ಕೂ ನಡುವೆ ಕಲ್ಚರ್ ಚೂರಿಟ್ಟು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಕತ್ತಲಲ್ಲಿಡಿ. ಒಂದೂವರೆ ದಿನದ ಮೇಲೆ, ಬೆಳವಣಿಗೆ ತಟ್ಟೆಯ ಅರ್ಧ ತಲುಪಿರುವಾಗ, ಮೊದಲನೆಯದನ್ನು ಬಿಚ್ಚಿ, ಅಂಚಿಗೆ ಹಿಂಬದಿಯಿಂದ ಪೆನ್ನಿನ ಗುರುತು ಹಾಕಿ, ಟ್ಯೂಬ್‌ಲೈಟಿಗೆ ಐದು ನಿಮಿಷ ಹಿಡಿದು ಮತ್ತೆ ಸುತ್ತಿ. ಎರಡನೆಯದಕ್ಕೆ ಕತ್ತಲ ಕೋಣೆಯಲ್ಲಿ, ಬೇಕಿದ್ದರೆ ಕೆಂಪು ಎಲ್‌ಇಡಿ ಬೆಳಕಲ್ಲಿ, ಸುಟ್ಟು ಆರಿಸಿದ ಬ್ಲೇಡಿನಿಂದ ಒಂದು ಗೀರು ಎಳೆಯಿರಿ. ಮೂರನೆಯದನ್ನು ಮುಟ್ಟಬೇಡಿ. ಎರಡು ದಿನ ಬಿಟ್ಟು ಮೂರನ್ನೂ ಒಟ್ಟಿಗೆ ಬಿಚ್ಚಿ.

ಪೆನ್ನಿನ ಗುರುತಿನ ಮೇಲೆ ಹಸಿರು ಉಂಗುರ, ಗೀರಿನ ಮೇಲೆ ಹಸಿರು ಗೆರೆ, ಮೂರನೆಯದು ಬಿಳಿ: ಕಲ್ಚರ್ ಆರೋಗ್ಯವಾಗಿದೆ, ನಿಮ್ಮ ಕೋಣೆಗೆ ವಾಪಸ್ ಹೋಗಿ. ಗೀರು ಹಸಿರು, ಉಂಗುರ ಇಲ್ಲ: ಬೆಳಕನ್ನು ಗ್ರಹಿಸುವುದರಲ್ಲಿ ಎಡವಟ್ಟು. ಎರಡೂ ಇಲ್ಲ: ಆ ಕಲ್ಚರ್ ಬಿಡಿ. ವಿಶ್ವವಿದ್ಯಾಲಯದಿಂದ ಹೊಸದು ತನ್ನಿ, ಇಲ್ಲವೇ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಟ್ಟ ಹಳೇ ಓರೆ ನಳಿಕೆ (ಓರೆಯಾಗಿ ಗಟ್ಟಿಯಾಗಿಸಿದ ಮಾಧ್ಯಮದ ಮೇಲೆ ಕಲ್ಚರ್ ಬೆಳೆಸಿಟ್ಟ ಗಾಜಿನ ನಳಿಕೆ) ಇದ್ದರೆ ಅದರಿಂದ ಒಂದೇ ಬೀಜಾಣು ಬಿಡಿಸಿ ಬೆಳೆಸಿ. ಮೂರೂ ತಟ್ಟೆ ಹಸಿರಾದರೆ ನಿಮ್ಮ ತಳಿ ಕತ್ತಲಲ್ಲೂ ಕಟ್ಟುವ ಜಾತಿ, ಅದೃಷ್ಟ ನಿಮ್ಮದು. ಮುಂದೆ ದಾಟಿಸುವಾಗ ಯಾವತ್ತೂ ಹಸಿರಿನಿಂದಲೇ ದಾಟಿಸಿ.

ತಟ್ಟೆಯ ಮೇಲೆ ಅಂಕುಡೊಂಕಾದ ಸಣ್ಣ ಜಾಡು, ಜಾಡಿನುದ್ದಕ್ಕೂ ಬೇರೆ ಬಣ್ಣದ ಬೂಷ್ಟು ಕಂಡರೆ ನುಸಿ ಸೇರಿದೆ. ಅದು ಎಳೆ ತಿನ್ನುತ್ತದೆ, ಮೈಗೆ ಬೇರೆ ಬೀಜಾಣು ಅಂಟಿಸಿಕೊಂಡು ತಿರುಗುತ್ತದೆ. ಪರೀಕ್ಷೆ ನಿಲ್ಲಿಸಿ, ತಟ್ಟೆ ಸುಟ್ಟು, ಹಲಗೆ ತೊಳೆಯಿರಿ.

ಡ್ರಮ್ಮಿನಲ್ಲಿ ಮಾಡುವವರಿಗೆ

ಬೆಲ್ಲದ ನೀರಿನ ಡ್ರಮ್ಮಿನಲ್ಲಿ ಬೆಳೆಸುವ ಅಕ್ಕಂದಿರು "ನೀರು ಹಸರಾಗವಲ್ತು" ಅಂತ ಕೇಳುತ್ತಾರೆ. ಅಕ್ಕಾರ, ಅದು ಆಗುವುದಿಲ್ಲ. ಕಲಕುತ್ತ ಇಟ್ಟರೆ ಒಳಗೆ ಎಳೆ ಮತ್ತು ಕ್ಲಮೈಡೋಸ್ಪೋರ್ ಅನ್ನುವ ದಪ್ಪ ಗೋಡೆಯ ಕಣ ಬರುತ್ತವೆ, ಅವೂ ಗಟ್ಟಿ ಜೀವ. ಕಲಕದೆ ಬಿಟ್ಟರೆ ಮೇಲೆ ಚಾಪೆ ಕಟ್ಟಿ, ಗಾಳಿಗೆ ತಾಗುವ ಮೈ ಮಾತ್ರ ಹಸಿರಾಗುತ್ತದೆ. ಡ್ರಮ್ಮಿನ ನೀರನ್ನು ಒಣಗಿಸಿ ಇಡುವ ಆಸೆ ಬೇಡ, ಬೇಗ ತಿಪ್ಪೆಗೊಬ್ಬರಕ್ಕೆ ಹಾಕಿ ಮುಗಿಸಿ.

ಹಸಿರಾದ ಮೇಲೆ, ಬಿಳಿಯೇ ಉಳಿದರೆ

ಹಸಿರು ಗಾಢವಾಗಿ, ಬೆರಳಿಂದ ತಟ್ಟಿದರೆ ಚೀಲದೊಳಗೆ ಪುಡಿ ಏಳುವಂತಾದಾಗ ತೆಗೆಯಿರಿ. ಮಾಸ್ಕ್ ಕಡ್ಡಾಯ. ನೆರಳಲ್ಲಿ ಒಣಗಿಸಿ, ಮಾರಾಟದ ಪುಡಿಯಲ್ಲಿ ತೇವ 8 ಶೇಕಡಾ ಮೀರದಿರಲಿ. ಕಣ್ಣಿಗೆ ಹಸಿರು ಕಂಡಿತು ಅಂತ ಪೊಟ್ಟಣ ಕಟ್ಟಬೇಡಿ, ಮಾದರಿಯನ್ನು ನೀರಲ್ಲಿ ಹಂತಹಂತವಾಗಿ ತಿಳಿ ಮಾಡಿ ತಟ್ಟೆಗೆ ಹಾಕಿ ಎಣಿಸಿ. ಹೊರಗೆ ಹಸಿರು ಒಳಗೆ ಬಿಳಿ ಇದ್ದ ಚೀಲ ಈ ಎಣಿಕೆಯಲ್ಲಿ ಸಿಕ್ಕಿಬೀಳುತ್ತದೆ.

ಏನು ಮಾಡಿದರೂ ಹಸಿರಾಗದ, ಆದರೆ ಶುದ್ಧವಾಗಿರುವ ಬಿಳಿ ಚೀಲವನ್ನು ಎಸೆಯಬೇಡಿ, ಮಾರಲೂ ಬೇಡಿ. ನೆರಳಲ್ಲಿರುವ ತೇವದ ಕೊಟ್ಟಿಗೆ ಗೊಬ್ಬರಕ್ಕೆ ಕಲೆಸಿ, ಗೋಣಿ ಮುಚ್ಚಿ, ಆಗಾಗ ತಿರುವಿ ಹಾಕಿ, ನಿಮ್ಮದೇ ಹೊಲಕ್ಕೆ ಬಳಸಿ. ಎಳೆಗೆ ಅಲ್ಲಿ ಬದುಕಲು ದಾರಿ ಇದೆ. ಅದೇ ಹೊಲದಲ್ಲಿ ಕಡಲೆ ಬೀಜಕ್ಕೆ ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಲೇಪಿಸುವ ಯೋಚನೆ ಇದ್ದರೆ ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಆ ಔಷಧ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ.